ಗುರುಗಳ ಬಲಿದಾನವೂ ಮೊಗಲ ಸಾಮ್ರಾಜ್ಯವೂ

ಮಧ್ಯಯುಗದ ಭಾರತದ ಚರಿತ್ರೆಯನ್ನು ಬರೆದಿಟ್ಟವರಲ್ಲಿ ಹೆಚ್ಚಿನವರು ಅರಸರ ಓಲಗವನ್ನಾಶ್ರಯಿಸಿದವರು. ಪಟ್ಟಾಭಿಷೇಕ, ದಂಡಯಾತ್ರೆ, ದಂಗೆ, ದಂಡನೆ—ಇವು ಅವರ ಲೇಖನಿಗೆ ದೊರೆತ ವಸ್ತುಗಳು. ಅರಸನ ಅಪ್ಪಣೆಯಿಂದ ಸಾಧುವೊಬ್ಬನು ಪ್ರಾಣ ನೀಗಿದನೆಂಬುದು ಅವರ ಹೊತ್ತಗೆಗಳಲ್ಲಿ ಹೆಚ್ಚೆಂದರೆ ನಾಲ್ಕು ಸಾಲಿನ ಸಂಗತಿ; ಕೆಲವೊಮ್ಮೆ ಅಷ್ಟೂ ಇಲ್ಲ. ಆದರೆ ಓಲಗದ ಬರಹಗಾರನು ನಾಲ್ಕು ಸಾಲಿನಲ್ಲಿ ಮುಗಿಸಿದ ಸಾವನ್ನು ಒಂದು ಜನಸಮುದಾಯವು ಶತಮಾನಗಳ ಕಾಲ ಮರೆಯದೆ ಹೊತ್ತುಕೊಂಡು ಬರುವುದುಂಟು. ಸಿಖ್ಖರ ಐದನೆಯ ಗುರುಗಳಾದ ಅರ್ಜನದೇವರು ೧೬೦೬ರಲ್ಲಿ ಲಾಹೋರಿನಲ್ಲಿ ಮಡಿದರು. ಒಂಬತ್ತನೆಯ ಗುರುಗಳಾದ ತೇಗ ಬಹಾದೂರರು ೧೬೭೫ರಲ್ಲಿ ದಿಲ್ಲಿಯಲ್ಲಿ ಮಡಿದರು. ಎರಡು ಸಾವುಗಳ ನಡುವೆ ೬೯ ವರ್ಷಗಳ ಅಂತರ. ಅಂದಿನ ಮೊಗಲ ಬಾದಷಹರು ಜಗತ್ತಿನ ಅತ್ಯಂತ ಶ್ರೀಮಂತ ಅರಸರ ಸಾಲಿನವರು. ಗುರುಗಳಾದರೋ ದೇವರ ನಾಮವನ್ನು ಹಾಡಿ, ಬಂದವರಿಗೆ ಅನ್ನವಿಕ್ಕಿ, ದುಡಿದು ಬಾಳಿರೆಂದು ಹೇಳುತ್ತಿದ್ದವರು. ಅಂಥ ಅರಸರು ಇಂಥ ಸಾಧುಗಳಿಗೆ ಅಂಜಿದುದೇಕೆ? ಅಂಜಿ ವಿಧಿಸಿದ ದಂಡನೆಯು ಎಣಿಸಿದುದಕ್ಕೆ ವಿಪರೀತವಾದ ಫಲವನ್ನೇ ಕೊಟ್ಟುದೇಕೆ? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಟ್ಟು ಯಥಾಮತಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಗುರುನಾನಕರು ಹುಟ್ಟಿದುದು ೧೪೬೯ರಲ್ಲಿ, ಪಂಜಾಬಿನ ತಲವಂಡಿ ಎಂಬ ಊರಿನಲ್ಲಿ. ಅವರ ಜೀವಿತಕಾಲದಲ್ಲಿಯೇ ಲೋದಿಗಳ ಆಳ್ವಿಕೆ ಅಳಿದು ಮೊಗಲರ ಆಳ್ವಿಕೆ ತಲೆಯೆತ್ತಿತು. ೧೫೨೬ರ ಪಾಣಿಪತ್ತಿನ ಕಾಳಗಕ್ಕೆ ಕೆಲವು ವರ್ಷ ಮೊದಲೇ ಬಾಬರನ ಸೇನೆಯು ಪಂಜಾಬಿನ ಸೈದಪುರವನ್ನು ಸೂರೆಗೊಂಡಿತು. ಆ ಊರಿನ ಗೋಳನ್ನು ನಾನಕರು ಕಣ್ಣಾರೆ ಕಂಡರೆಂದು ಸಂಪ್ರದಾಯ ಹೇಳುತ್ತದೆ. ಬಾಬರನ ದಾಳಿಯನ್ನು ಕುರಿತು ಅವರು ರಚಿಸಿದ ಪದಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಅರಸನ ಮೇಲಿನ ಸಿಟ್ಟಿಗಿಂತ ನೊಂದವರ ಮೇಲಿನ ಮರುಕವೇ ಹಿರಿದು. ಹಿಂದೂ ಹೆಂಗಸೆಂದೂ ಮುಸಲ್ಮಾನ ಹೆಂಗಸೆಂದೂ ಭೇದವೆಣಿಸದೆ ಎಲ್ಲರ ಕಣ್ಣೀರಿಗೂ ಅಲ್ಲಿ ಸ್ಥಾನವುಂಟು. ಲೋಕವನ್ನು ಬಿಟ್ಟು ಗುಹೆ ಸೇರಿದ ಸಂನ್ಯಾಸಿಯ ಮಾತು ಇದಲ್ಲ. ಅರಸನು ಮಾಡಿದುದನ್ನು ದೇವರ ಮುಂದೆ ಇಟ್ಟು ಇದು ನ್ಯಾಯವೇ ಎಂದು ಕೇಳುವ ಗೃಹಸ್ಥನ ಮಾತು. ಸಿಖ್ಖ ಪಂಥವು ಮುಂದೆ ಹಿಡಿದ ದಾರಿಯ ಮೊದಲ ಹೆಜ್ಜೆಯನ್ನು ನಾವು ಇಲ್ಲಿಯೇ ಕಾಣಬಹುದು.

ನಾನಕರ ಬಳಿಕ ಬಂದ ಗುರುಗಳು ಒಬ್ಬೊಬ್ಬರೂ ಈ ಮಾರ್ಗಕ್ಕೆ ಒಂದೊಂದು ಕಂಬವನ್ನು ನಿಲ್ಲಿಸಿದರು. ಅಂಗದರು ಗುರುಮುಖಿ ಲಿಪಿಯನ್ನು ಬಳಕೆಗೆ ತಂದರು. ಅಮರದಾಸರು ಗುರುವಿನ ದರ್ಶನಕ್ಕೆ ಬಂದವರು ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣತಕ್ಕದ್ದೆಂದು ವಿಧಿಸಿ ಲಂಗರನ್ನು ಬಲಪಡಿಸಿದರು. ರಾಮದಾಸರು ಮುಂದೆ ಅಮೃತಸರವೆಂದು ಹೆಸರಾದ ಊರಿಗೆ ಅಸ್ತಿಭಾರ ಹಾಕಿದರು. ೧೫೮೧ರಲ್ಲಿ ಗುರುಪೀಠವನ್ನೇರಿದ ಅರ್ಜನದೇವರು ಈ ಎಲ್ಲವನ್ನೂ ಒಂದುಗೂಡಿಸಿದರು. ಅಮೃತಸರದ ಕೊಳದ ನಡುವೆ ಹರಿಮಂದಿರವನ್ನು ಕಟ್ಟಿಸಿ ಅದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲನ್ನಿರಿಸಿದರು. ದೂರದೂರದ ಊರುಗಳ ಶಿಷ್ಯರು ತಮ್ಮ ಆದಾಯದ ಹತ್ತರಲ್ಲೊಂದು ಪಾಲನ್ನು ಪಂಥಕ್ಕೆ ಸಲ್ಲಿಸುವ ಪದ್ಧತಿಯೂ, ಅದನ್ನು ಕೂಡಿಸಿ ತರುವ ಮಸಂದರೆಂಬ ಪ್ರತಿನಿಧಿಗಳ ಏರ್ಪಾಡೂ ಅವರ ಕಾಲದಲ್ಲಿ ನೆಲೆಗೊಂಡುವು. ೧೬೦೪ರಲ್ಲಿ ಅವರು ಆದಿಗ್ರಂಥವನ್ನು ಸಂಕಲಿಸಿದರು. ಅದನ್ನು ಬರೆದುಕೊಂಡವರು ಭಾಯಿ ಗುರುದಾಸರು.

ಈ ಗ್ರಂಥದ ವಿಷಯದಲ್ಲಿ ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅದರಲ್ಲಿ ಗುರುಗಳ ಪದಗಳಷ್ಟೇ ಇಲ್ಲ. ಕಾಶಿಯ ನೇಕಾರ ಕಬೀರ, ಚಮ್ಮಾರ ರವಿದಾಸ, ಪಂಜಾಬಿನ ಸೂಫಿ ಷೇಖ್ ಫರೀದ ಇವರೂ ಅಲ್ಲಿದ್ದಾರೆ. ಸೊಲ್ಲಾಪುರದ ನೆರೆಯ ಪಂಢರಾಪುರದಲ್ಲಿ ವಿಠಲನನ್ನು ಹಾಡಿದ ಸಿಂಪಿಗ ನಾಮದೇವನ ಸುಮಾರು ೬೦ ಪದಗಳೂ ಅಲ್ಲಿ ಸೇರಿವೆ. ಭೀಮಾತೀರದ ಹಾಡು ರಾವೀ ತೀರಕ್ಕೆ ಹೋಗಿ ಅಲ್ಲಿಯ ವೇದವಾಯಿತು. ಹಿಂದೂ ಮುಸಲ್ಮಾನರ ಮಾತುಗಳನ್ನು ಒಂದೇ ರಟ್ಟಿನೊಳಗೆ, ಒಂದೇ ಗೌರವದಿಂದ ಕಟ್ಟಿದ ಗ್ರಂಥವಿದು. ಅದನ್ನು ಕಟ್ಟಿದ ಎರಡೇ ವರ್ಷಗಳಲ್ಲಿ ಕಟ್ಟಿದವರ ಕೊಲೆಯಾಯಿತು.

ಅಕ್ಬರನು ೧೬೦೫ರ ಅಕ್ಟೋಬರಿನಲ್ಲಿ ತೀರಿಕೊಂಡನು. ಪಟ್ಟವೇರಿದ ಜಹಾಂಗೀರನಿಗೆ ಆರು ತಿಂಗಳೊಳಗೆ ಹಿರಿಯ ಮಗನೇ ಶತ್ರುವಾದನು. ೧೬೦೬ರ ಏಪ್ರಿಲಿನಲ್ಲಿ ರಾಜಕುಮಾರ ಖುಸ್ರು ಆಗ್ರಾದಿಂದ ತಪ್ಪಿಸಿಕೊಂಡು ಲಾಹೋರಿನತ್ತ ಧಾವಿಸಿದನು. ಆಗ್ರಾದಿಂದ ಲಾಹೋರಿಗೆ ಹೋಗುವ ಹೆದ್ದಾರಿ ಬಿಯಾಸ್ ನದಿಯನ್ನು ದಾಟುವೆಡೆಯಲ್ಲಿದ್ದ ಗೋಯಿಂದವಾಲವು ಗುರುಗಳ ಊರು. ದಾರಿಯಲ್ಲಿ ಖುಸ್ರು ಅರ್ಜನದೇವರನ್ನು ಕಂಡನೆಂದೂ ಅವರು ಅವನ ಹಣೆಗೆ ಕೇಸರಿಯ ತಿಲಕವಿಟ್ಟರೆಂದೂ ಬಾದಷಹನಿಗೆ ವರದಿ ಮುಟ್ಟಿತು. ದಂಗೆ ಕೆಲವೇ ವಾರಗಳಲ್ಲಿ ಅಡಗಿತು. ಖುಸ್ರು ಚೀನಾಬ್ ನದಿಯ ದಡದಲ್ಲಿ ಸೆರೆಸಿಕ್ಕಿದನು. ಅವನ ನೂರಾರು ಮಂದಿ ಅನುಚರರನ್ನು ಲಾಹೋರಿನ ದಾರಿಯ ಇಕ್ಕೆಲಗಳಲ್ಲಿ ಶೂಲಕ್ಕೇರಿಸಿ, ಆ ಸಾಲಿನ ನಡುವೆ ಅವನನ್ನು ಮೆರೆಸಲಾಯಿತು. ಆ ಬಳಿಕ ಗುರುಗಳಿಗೆ ಕರೆ ಬಂತು.

ಇಲ್ಲಿ ನಮಗೆ ದೊರೆಯುವ ಮೊದಲ ಸಾಕ್ಷಿ ಸ್ವತಃ ಜಹಾಂಗೀರನೇ. ತನ್ನ ಆತ್ಮವೃತ್ತದಲ್ಲಿ ಅವನು ಈ ಪ್ರಕರಣವನ್ನು ಮರೆಮಾಚದೆ ಬರೆದಿದ್ದಾನೆ. ಗೋಯಿಂದವಾಲದಲ್ಲಿ ಅರ್ಜನನೆಂಬ ಹಿಂದೂ ಇದ್ದನೆಂದೂ, ಹಿಂದೂಗಳಲ್ಲದೆ ಕೆಲವು ಮುಸಲ್ಮಾನರೂ ಅವನನ್ನು ನಂಬಿದ್ದರೆಂದೂ, ಮೂರು ನಾಲ್ಕು ತಲೆಮಾರುಗಳಿಂದ ನಡೆಯುತ್ತಿದ್ದ ಈ ‘ಅಂಗಡಿ’ಯನ್ನು ಮುಚ್ಚಿಸಬೇಕು, ಇಲ್ಲವೇ ಅವನನ್ನು ಇಸ್ಲಾಮಿಗೆ ತರಬೇಕು ಎಂಬುದು ಬಹುಕಾಲದಿಂದ ತನ್ನ ಮನಸ್ಸಿನಲ್ಲಿತ್ತೆಂದೂ ಅವನು ತಿಳಿಸುತ್ತಾನೆ. ತಿಲಕದ ಸುದ್ದಿ ಬಂದ ಮೇಲೆ ಗುರುವಿನ ಮನೆ ಮಕ್ಕಳನ್ನು ಮುರ್ತಜಾ ಖಾನನ ವಶಕ್ಕೆ ಕೊಟ್ಟು, ಆಸ್ತಿಯನ್ನು ಮುಟ್ಟುಗೋಲು ಹಾಕಿ, ಪ್ರಾಣದಂಡನೆಗೆ ಆಜ್ಞೆಯಿತ್ತನೆಂಬುದು ಅವನದೇ ಮಾತು.

ಈ ಬರಹವನ್ನು ನಿಧಾನವಾಗಿ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತಿಲಕವು ನೆಪ, ‘ಅಂಗಡಿ’ ಕಾರಣ. ದಂಗೆಯ ಸಂಶಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬಾದಷಹನ ಮನಸ್ಸಿನಲ್ಲಿ ಅಸಮಾಧಾನ ಬೇರೂರಿತ್ತು. ಹಾಗಾದರೆ ಇದು ಬರಿಯ ಮತದ್ವೇಷವೇ? ಹಾಗೆಂದು ಬಿಟ್ಟರೂ ಮಾತು ಪೂರ್ಣವಾಗದು. ಜಹಾಂಗೀರನು ಇತರ ಸಾಧುಗಳೊಡನೆ ಆದರದಿಂದ ನಡೆದುಕೊಂಡುದುಂಟು. ಉಜ್ಜಯಿನಿಯ ಗುಹಾವಾಸಿ ಜದರೂಪ ಗೋಸಾಯಿಯ ಬಳಿಗೆ ತಾನೇ ನಡೆದು ಹೋದುದನ್ನು ಅದೇ ಆತ್ಮವೃತ್ತದಲ್ಲಿ ಭಕ್ತಿಯಿಂದ ಬರೆದಿದ್ದಾನೆ. ಗುಹೆಯಲ್ಲಿ ಒಂಟಿಯಾಗಿ ಕುಳಿತ ಸಾಧುವಿನಿಂದ ಸಿಂಹಾಸನಕ್ಕೆ ಭಯವಿಲ್ಲ. ಆದರೆ ಊರು ಕಟ್ಟಿ, ಗ್ರಂಥ ಬರೆಯಿಸಿ, ದಶಾಂಶ ಕೂಡಿಸಿ, ಬಾದಷಹನನ್ನೇ ಅವಲಂಬಿಸದ ನಿಷ್ಠೆಯೊಂದನ್ನು ಬೆಳೆಸಿದವರನ್ನು ಸಿಂಹಾಸನವು ಸಹಿಸಲಾರದು. ಶಿಷ್ಯರು ಗುರುವನ್ನು ‘ಸಚ್ಚಾ ಪಾತಷಾಹ’, ನಿಜವಾದ ಬಾದಷಹ, ಎಂದು ಕರೆಯುತ್ತಿದ್ದರು. ಭಕ್ತನ ಬಾಯಲ್ಲಿ ಅದು ಪಾರಮಾರ್ಥಿಕ ಮಾತು. ಬಾದಷಹನ ಕಿವಿಗೆ ಅದು ಬೇರೆಯೇ ಅರ್ಥವನ್ನು ಕೊಟ್ಟಿರಬೇಕು.

ಗುರುಗಳ ಅಂತ್ಯ ಹೇಗಾಯಿತೆಂಬ ವಿಷಯದಲ್ಲಿ ಬೇರೆ ಬೇರೆ ಮೂಲಗಳು ಬೇರೆ ಬೇರೆ ಬಗೆಯಾಗಿ ಹೇಳುತ್ತವೆ. ಜೆಸ್ವಿಟ್ ಪಾದ್ರಿ ಜೆರೋಂ ಕ್ಸೇವಿಯರನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾಹೋರಿನಿಂದ ಬರೆದ ಪತ್ರದಲ್ಲಿ ಭಾರಿ ದಂಡದ ಪ್ರಸ್ತಾಪವಿದೆ. ಶ್ರೀಮಂತನೊಬ್ಬನು ಜಾಮೀನು ನಿಂತನು. ಬಾದಷಹನು ದಂಡವನ್ನು ಮನ್ನಿಸದಿರಲು ಆ ಜಾಮೀನುದಾರನೇ ಹಣಕ್ಕಾಗಿ ಗುರುವನ್ನು ಪೀಡಿಸಿದನು. ಪೀಡೆಯಲ್ಲಿಯೇ ಗುರುವಿನ ಪ್ರಾಣ ಹೋಯಿತು, ಎಂಬುದು ಪಾದ್ರಿಯ ವರದಿ. ಶತಮಾನದ ನಡುಭಾಗದಲ್ಲಿ ರಚಿತವಾದ ‘ದಬಿಸ್ತಾನ್’ ಎಂಬ ಪಾರಸಿ ಗ್ರಂಥವೂ ದಂಡವನ್ನು ತೆರಲಾರದ ಗುರುವನ್ನು ಲಾಹೋರಿನ ಬಿಸಿಲಿನಲ್ಲಿ ಕಟ್ಟಿಹಾಕಿ ಕೊಂದರೆಂದು ಹೇಳುತ್ತದೆ. ಕಾದ ಕಬ್ಬಿಣದ ಹಲಗೆಯ ಮೇಲೆ ಕೂರಿಸಿ ಮೈಮೇಲೆ ಸುಡುವ ಮರಳನ್ನು ಸುರಿದರೆಂದೂ, ಕೊನೆಗೆ ಗುರುಗಳು ರಾವೀ ನದಿಯಲ್ಲಿ ಮುಳುಗಿ ಮರೆಯಾದರೆಂದೂ ಸಿಖ್ಖ ಸಂಪ್ರದಾಯ. ವಿವರಗಳು ಬೇರೆಯಾದರೂ ಬಾದಷಹನ ಆಜ್ಞೆ, ಚಿತ್ರಹಿಂಸೆ, ಲಾಹೋರು, ಬೇಸಿಗೆಯ ಉರಿ—ಇವುಗಳಲ್ಲಿ ಹುರುಳಿದೆ. ೧೬೦೬ರ ಮೇ ೩೦ನ್ನು ಆ ದಿನವೆಂದು ಗಣಿಸಲಾಗಿದೆ. ಆ ನೆನಪಿಗಾಗಿ ಬೇಸಿಗೆಯ ನಡುವೆ ಸಿಖ್ಖರು ದಾರಿಯ ಬದಿಯಲ್ಲಿ ನಿಂತು, ಹಾದುಹೋಗುವ ಯಾರೆಂದು ಕೇಳದೆ, ಎಲ್ಲರಿಗೂ ತಣ್ಣನೆಯ ಸಿಹಿನೀರನ್ನು ಕೊಡುತ್ತಾರೆ. ಉರಿಯಲ್ಲಿ ಬೆಂದವರ ಸ್ಮರಣೆಗೆ ತಂಪನ್ನು ಹಂಚುವ ಈ ವ್ರತಕ್ಕಿಂತ ಹಿರಿದಾದ ಸ್ಮಾರಕವನ್ನು ಯಾವ ಶಿಲ್ಪಿ ಕಡೆದಾನು!

ಅಂಗಡಿ ಮುಚ್ಚಲಿಲ್ಲ. ಗುರುಗಳನ್ನು ಕೊಂದವರು ಅವರ ಪುಸ್ತಕವನ್ನು ಕೊಲ್ಲಲಾಗಲಿಲ್ಲ, ಕೊಳವನ್ನು ಬತ್ತಿಸಲಿಲ್ಲ, ಪಂಕ್ತಿಯೂಟವನ್ನು ನಿಲ್ಲಿಸಲಿಲ್ಲ. ಬದಲಾದುದು ಪಂಥದ ಬಗೆ. ಹನ್ನೊಂದರ ಪ್ರಾಯದಲ್ಲಿ ಗುರುಪೀಠವನ್ನೇರಿದ ಹರಗೋವಿಂದರು ಎರಡು ಕತ್ತಿಗಳನ್ನು ಧರಿಸಿದರೆಂದು ಹೇಳುತ್ತಾರೆ. ಒಂದು ಲೌಕಿಕಾಧಿಕಾರದ ‘ಮೀರಿ’, ಇನ್ನೊಂದು ಪಾರಮಾರ್ಥಿಕಾಧಿಕಾರದ ‘ಪೀರಿ’. ಹರಿಮಂದಿರದೆದುರು ಅಕಾಲ ತಖ್ತು ಎದ್ದಿತು. ಹರಗೋವಿಂದರು ಗ್ವಾಲಿಯರದ ಕೋಟೆಯಲ್ಲಿ ಸೆರೆಯಲ್ಲಿದ್ದರು. ಬಿಡುಗಡೆಯಾದ ಮೇಲೆ ಷಹಜಹಾನನ ಕಾಲದಲ್ಲಿ ಮೊಗಲ ಪಡೆಗಳೊಡನೆ ಕಾದಾಡಿ, ಕಡೆಗೆ ಬೆಟ್ಟದ ತಪ್ಪಲಿನ ಕೀರತಪುರವನ್ನು ಸೇರಿದರು.

ಅವರ ಮೊಮ್ಮಗ ಹರರಾಯರ ಕಾಲದಲ್ಲಿ ಹಳೆಯ ಕಥೆಯೇ ಮರುಕಳಿಸಿತು. ೧೬೫೮ರಲ್ಲಿ ತಮ್ಮನಿಗೆ ಸೋತು ಲಾಹೋರಿನತ್ತ ಓಡಿದ ದಾರಾ ಷುಕೋಹನನ್ನು ಗುರುಗಳು ಆದರಿಸಿದರು. ಗೆದ್ದ ಔರಂಗಜೇಬನು ಅವರಿಗೆ ಕರೆಕಳಿಸಿದನು. ಗುರುಗಳು ತಾವು ಹೋಗದೆ ಮಗ ರಾಮರಾಯನನ್ನು ಕಳುಹಿದರು. ಗ್ರಂಥದ ಒಂದು ಪದದಲ್ಲಿ ‘ಮುಸಲ್ಮಾನ’ ಎಂದಿರುವುದೇಕೆಂದು ಓಲಗದಲ್ಲಿ ಕೇಳಲು, ರಾಮರಾಯನು ಬಾದಷಹನನ್ನು ಮೆಚ್ಚಿಸುವುದಕ್ಕಾಗಿ ಅದು ‘ಬೇಇಮಾನ’ ಎಂದಿರಬೇಕೆಂದು ತಿದ್ದಿ ಹೇಳಿದನಂತೆ. ಗುರುಗಳು ಆ ಮಗನ ಮುಖವನ್ನು ಮತ್ತೆ ನೋಡಲಿಲ್ಲವೆಂದು ಸಂಪ್ರದಾಯ. ಹೆತ್ತ ಮಗನಿಗಿಂತ ಒಂದು ಶಬ್ದ ದೊಡ್ಡದಾಯಿತು. ಪಂಥದ ಪ್ರಾಣವು ವ್ಯಕ್ತಿಯಿಂದ ವಾಕ್ಕಿಗೆ ಸರಿಯುತ್ತಿದ್ದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹರಗೋವಿಂದರ ಕಿರಿಯ ಮಗನಾದ ತೇಗ ಬಹಾದೂರರು ಏಕಾಂತಪ್ರಿಯರು. ೧೬೬೪ರಲ್ಲಿ ಗುರುಪೀಠ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಪಾಟ್ನಾ, ಢಾಕಾ, ಅಸ್ಸಾಮುಗಳವರೆಗೆ ಸಂಚರಿಸಿ ಅವರು ಚದರಿದ್ದ ಶಿಷ್ಯಸಮೂಹವನ್ನು ಕೂಡಿಸಿದರು. ಔರಂಗಜೇಬನು ೧೬೬೯ರಲ್ಲಿ ದೇವಾಲಯಗಳ ಮೇಲೆ ಕಠಿನಾಜ್ಞೆಯನ್ನು ಹೊರಡಿಸಿದ್ದನು. ಬಲವಂತದ ಮತಾಂತರಕ್ಕೆ ಬೆದರಿದ ಕಾಶ್ಮೀರದ ಪಂಡಿತರ ತಂಡವೊಂದು ೧೬೭೫ರಲ್ಲಿ ಕೃಪಾರಾಮನ ನೇತೃತ್ವದಲ್ಲಿ ಆನಂದಪುರಕ್ಕೆ ಬಂದು ಗುರುಗಳ ಮೊರೆಹೊಕ್ಕಿತೆಂದು ಸಿಖ್ಖ ಮೂಲಗಳು ಹೇಳುತ್ತವೆ. ಮಹಾತ್ಮನೊಬ್ಬನ ಬಲಿಯಿಲ್ಲದೆ ಇದು ಪರಿಹಾರವಾಗದೆಂದು ತಂದೆ ನುಡಿದಾಗ, ನಿಮಗಿಂತ ಮಹಾತ್ಮರು ಯಾರೆಂದು ಬಾಲಕ ಗೋವಿಂದರಾಯನು ಕೇಳಿದನೆಂಬ ಕಥೆ ಪ್ರಸಿದ್ಧವಾಗಿದೆ.

ಗುರುಗಳನ್ನು ಹಿಡಿದು ದಿಲ್ಲಿಗೆ ತರಲಾಯಿತು. ಅವರ ಕಣ್ಣೆದುರಿಗೆ ಮೂವರು ಶಿಷ್ಯರನ್ನು ಕೊಂದರೆಂದು ಸಂಪ್ರದಾಯ: ಮತಿದಾಸನನ್ನು ಗರಗಸದಿಂದ ಸೀಳಿದರು, ದಯಾಳದಾಸನನ್ನು ಕುದಿವ ಕೊಪ್ಪರಿಗೆಗೆ ಹಾಕಿದರು, ಸತಿದಾಸನಿಗೆ ಹತ್ತಿ ಸುತ್ತಿ ಬೆಂಕಿಯಿಟ್ಟರು. ೧೬೭೫ರ ನವೆಂಬರ್ ೧೧ರಂದು ಚಾಂದನಿ ಚೌಕದಲ್ಲಿ ಗುರುಗಳ ಶಿರಚ್ಛೇದವಾಯಿತು. ಕೀಳುಕುಲದವನೆನಿಸಿಕೊಂಡ ಜೈತನೆಂಬ ಶಿಷ್ಯನು ಆ ತಲೆಯನ್ನು ಗುಟ್ಟಾಗಿ ಆನಂದಪುರಕ್ಕೆ ಒಯ್ದನು. ಬಾಲಗುರುಗಳು ಅವನನ್ನು ಅಪ್ಪಿಕೊಂಡು ಮಗನೆಂದು ಕರೆದರು. ಲಖೀಶಹನೆಂಬ ವಣಜಾರನು ಮುಂಡವನ್ನು ತನ್ನ ಮನೆಗೊಯ್ದು, ಸಂಶಯ ಬಾರದಿರಲೆಂದು ಮನೆಗೇ ಬೆಂಕಿಯಿಟ್ಟು ದಹನಸಂಸ್ಕಾರ ಮಾಡಿದನು.

ಈ ಪ್ರಕರಣದಲ್ಲಿ ಅರ್ಜನದೇವರ ಪ್ರಕರಣದಂತೆ ಬಾದಷಹನದೇ ಆದ ಬರಹವಿಲ್ಲ. ಆ ತಿಂಗಳುಗಳಲ್ಲಿ ಅವನು ದಿಲ್ಲಿಯಲ್ಲಿರಲಿಲ್ಲ. ವಾಯವ್ಯದ ಅಫಘಾನರ ದಂಗೆಯನ್ನಡಗಿಸಲು ಹಸನ್ ಅಬ್ದಾಲಿನಲ್ಲಿ ಬೀಡುಬಿಟ್ಟಿದ್ದನು. ನೂರು ವರ್ಷಗಳಾಚೆ ಬರೆದ ಪಾರಸಿ ಇತಿಹಾಸಕಾರನೊಬ್ಬನು ಗುರುವು ಹಾಫಿಜ್ ಆದಮನೆಂಬ ಫಕೀರನೊಡಗೂಡಿ ಸುಲಿಗೆ ಮಾಡುತ್ತಿದ್ದನೆಂದು ಆರೋಪಿಸಿದ್ದಾನೆ. ಆ ಫಕೀರನು ಹಲವು ದಶಕಗಳ ಮೊದಲೇ ಸತ್ತಿದ್ದನೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಔರಂಗಜೇಬನ ಆಳ್ವಿಕೆಯ ಅಧಿಕೃತ ಚರಿತ್ರೆಯಂತೂ ಗುರುವಧೆಯ ಮಾತನ್ನೇ ಎತ್ತುವುದಿಲ್ಲ. ಆದರೆ ಮರುವರ್ಷ ದಿಲ್ಲಿಯಲ್ಲಿ ಗುರುವಿನ ಶಿಷ್ಯನೊಬ್ಬನು ಬಾದಷಹನ ಮೇಲೆ ಇಟ್ಟಿಗೆ ಎಸೆದನೆಂಬುದನ್ನು ಅದು ದಾಖಲಿಸಿದೆ! ಮುಚ್ಚಿಟ್ಟ ಸಾವು ಇಟ್ಟಿಗೆಯ ರೂಪದಲ್ಲಿ ಚರಿತ್ರೆಯೊಳಗೆ ಬಂದು ಬಿದ್ದಿತು. ಜಿಜಿಯಾ ತೆರಿಗೆಯನ್ನು ಮತ್ತೆ ವಿಧಿಸಿದುದು ೧೬೭೯ರಲ್ಲಿ, ಎಂದರೆ ಬಲಿದಾನದ ನಾಲ್ಕು ವರ್ಷಗಳ ಅನಂತರ. ಅದನ್ನು ಈ ವಧೆಯ ಹಿನ್ನೆಲೆಯೆಂದು ಹೇಳುವುದು ತಪ್ಪು.

ಈಗ ಎರಡು ಬಲಿದಾನಗಳನ್ನು ಹೋಲಿಸಿ ನೋಡೋಣ. ಅರ್ಜನದೇವರು ತಮ್ಮ ಪಂಥಕ್ಕಾಗಿ ಮಡಿದರು. ತೇಗ ಬಹಾದೂರರು ಇತರರ ತಿಲಕ ಯಜ್ಞೋಪವೀತಗಳ ಉಳಿವಿಗಾಗಿ ತಲೆಯೊಪ್ಪಿಸಿದರೆಂಬುದು ‘ಬಚಿತ್ತರ್ ನಾಟಕ’ದಲ್ಲಿ ಬಂದಿರುವ ಮಾತಿನ ಸಾರ. ಇಲ್ಲಿರುವ ವಿಶೇಷವನ್ನು ನಾವು ಮರೆಯಬಾರದು. ಯಾವ ಯಜ್ಞೋಪವೀತವನ್ನು ಮೊದಲನೆಯ ಗುರುಗಳಾದ ನಾನಕರು ಬಾಲ್ಯದಲ್ಲಿ ಪುರೋಹಿತನೆದುರು ಬೇಡವೆಂದು ನಿರಾಕರಿಸಿದರೋ, ಅದೇ ಯಜ್ಞೋಪವೀತವನ್ನು ಬೇಕೆನ್ನುವವರ ಹಕ್ಕಿಗಾಗಿ ಒಂಬತ್ತನೆಯ ಗುರುಗಳು ಕೊರಳು ಕೊಟ್ಟರು. ತಾನು ನಂಬಿದುದಕ್ಕಾಗಿ ಸಾಯುವುದು ದೊಡ್ಡದು. ತಾನು ನಂಬದುದನ್ನು ನಂಬುವ ಸ್ವಾತಂತ್ರ್ಯ ಇನ್ನೊಬ್ಬನಿಗಿರಬೇಕೆಂದು ಸಾಯುವುದು ಇನ್ನೂ ದೊಡ್ಡದು. ಸಾಮ್ರಾಜ್ಯವು ಮತವೆಂದರೆ ಯಾರ ಪಕ್ಷವೆಂದು ಕೇಳಿತು. ಗುರುಗಳು ಮನಸ್ಸು ಯಾರ ಸೊತ್ತೆಂದು ಕೇಳಿದರು.

ತಂದೆಯ ತಲೆಯನ್ನು ಮಡಿಲಲ್ಲಿ ಪಡೆದ ಬಾಲಕನೇ ಮುಂದೆ ಗುರು ಗೋವಿಂದಸಿಂಹರೆಂದು ಖ್ಯಾತರಾದರು. ೧೬೯೯ರ ವೈಶಾಖಿಯಂದು ಆನಂದಪುರದಲ್ಲಿ ಅವರು ಖಾಲ್ಸಾ ಸಂಘವನ್ನು ಸ್ಥಾಪಿಸಿ, ತಲೆ ಕೊಡುವವರಾರೆಂದು ಕೇಳಿದಾಗ ಐವರು ಒಬ್ಬೊಬ್ಬರಾಗಿ ಎದ್ದು ಬಂದರು. ಲಾಹೋರು, ಹಸ್ತಿನಾಪುರ, ಜಗನ್ನಾಥಪುರಿ, ದ್ವಾರಕೆಗಳಿಂದ ನಾಲ್ವರು. ಐದನೆಯವನು ನಮ್ಮ ಬೀದರಿನ ಕ್ಷೌರಿಕ ಸಾಹಿಬಚಂದ. ನಾನಕರು ಬೀದರಿಗೆ ಬಂದು ಸಿಹಿನೀರಿನ ಬುಗ್ಗೆ ಹರಿಯಿಸಿದರೆಂಬ ನಂಬಿಕೆಯಿಂದ ನಾನಕ ಝಿರಾ ಇಂದಿಗೂ ಯಾತ್ರಾಸ್ಥಳವಾಗಿದೆ. ಆ ಊರಿನವನೊಬ್ಬನು ಎರಡು ಶತಮಾನಗಳ ಮೇಲೆ ಪಂಜಾಬಿನಲ್ಲಿ ತಲೆಯೊಡ್ಡಿ ನಿಂತನೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅಂದು ಗುರುವೇ ಆ ಐವರ ಕೈಯಿಂದ ದೀಕ್ಷೆ ಪಡೆದರು.

ಮುಂದಿನದು ಕಡು ದುಃಖದ ಕಥೆ. ಸುಮಾರು ೧೭೦೫ರ ಹೊತ್ತಿಗೆ ಗುರುಗಳ ಹಿರಿಯ ಮಕ್ಕಳಿಬ್ಬರು ಚಮಕೌರಿನ ಕಾಳಗದಲ್ಲಿ ಮಡಿದರು. ಕಿರಿಯ ಮಕ್ಕಳಿಬ್ಬರನ್ನು ಸರಹಿಂದದ ಫೌಜದಾರ ವಜೀರಖಾನನು ಕೊಲ್ಲಿಸಿದನು. ಗೋಡೆಯಲ್ಲಿಟ್ಟು ಕಟ್ಟಿದರೆಂದು ಸಂಪ್ರದಾಯ. ಮಕ್ಕಳ ಮೇಲೆ ಹಗೆ ತೀರಿಸುವುದು ಧರ್ಮವಲ್ಲವೆಂದು ಆ ಸಭೆಯಲ್ಲಿ ಪ್ರತಿಭಟಿಸಿದವನು ಮಾಲೇರಕೋಟ್ಲೆಯ ಮುಸಲ್ಮಾನ ನವಾಬ ಷೇರ್ ಮಹಮ್ಮದಖಾನನು. ಸಿಖ್ಖರು ಅವನನ್ನು ಮರೆಯಲಿಲ್ಲ. ೧೯೪೭ರ ದೇಶವಿಭಜನೆಯ ಕಾಲದಲ್ಲಿ ಸುತ್ತಣ ಪಂಜಾಬೆಲ್ಲ ರಕ್ತದಲ್ಲಿ ತೊಯ್ದಾಗಲೂ ಮಾಲೇರಕೋಟ್ಲೆ ಉಳಿಯಿತು. ಇದನ್ನು ಹಿಂದೂ ಮುಸಲ್ಮಾನರ ಜಗಳವೆಂದು ಬರೆಯುವವರು ಈ ನವಾಬನನ್ನು ಎಲ್ಲಿ ನಿಲ್ಲಿಸುತ್ತಾರೆ? ಗ್ರಂಥದೊಳಗಿನ ಫರೀದನನ್ನು ಎಲ್ಲಿ ನಿಲ್ಲಿಸುತ್ತಾರೆ? ಬೆಟ್ಟದ ಹಿಂದೂ ರಾಜರು ಗೋವಿಂದಸಿಂಹರ ವಿರುದ್ಧ ಮೊಗಲರೊಡನೆ ಕೈಗೂಡಿಸಿದುದನ್ನು ಏನೆನ್ನುತ್ತಾರೆ? ಒಂದು ಪಕ್ಷದಲ್ಲಿ ಅಧಿಕಾರವಿತ್ತು, ಇನ್ನೊಂದು ಪಕ್ಷದಲ್ಲಿ ಆತ್ಮಸಾಕ್ಷಿಯಿತ್ತು. ಎರಡೂ ಕಡೆ ಎಲ್ಲ ಮತದವರೂ ಇದ್ದರು.

ಔರಂಗಜೇಬನು ೧೭೦೭ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ಮರುವರ್ಷ ಗೋದಾವರಿಯ ದಡದ ನಾಂದೇಡಿನಲ್ಲಿ ಕೊಲೆಗಾರನ ಇರಿತಕ್ಕೊಳಗಾಗಿ ಗೋವಿಂದಸಿಂಹರು ದೇಹವಿಟ್ಟರು. ತಮ್ಮ ಬಳಿಕ ಮನುಷ್ಯಗುರುವಿಲ್ಲ, ಗ್ರಂಥವೇ ಗುರುವೆಂದು ಅವರು ಸಾರಿದರೆಂಬುದು ಸಿಖ್ಖರ ದೃಢವಾದ ನಂಬಿಕೆ. ನಾಲ್ಕು ಮಕ್ಕಳನ್ನೂ ಕಳೆದುಕೊಂಡವರ ನಿರ್ಧಾರವಿದು. ಇನ್ನು ಮುಂದೆ ಕತ್ತಿಗೆ ಸಿಕ್ಕುವ ಕೊರಳು ಗುರುವಿಗಿರಲಿಲ್ಲ. ೧೭೧೬ರಲ್ಲಿ ಬಂದಾ ಬಹಾದೂರನೂ ಅವನ ಏಳುನೂರರಷ್ಟು ಸಂಗಡಿಗರೂ ದಿಲ್ಲಿಯಲ್ಲಿ ವಧಿಸಲ್ಪಟ್ಟಾಗ, ಅಲ್ಲಿದ್ದ ಇಂಗ್ಲಿಷ್ ಕಂಪೆನಿಯ ದೂತರು ಅದುವರೆಗೆ ಒಬ್ಬನಾದರೂ ತನ್ನ ಮತವನ್ನು ಬಿಟ್ಟಂತೆ ಕಾಣಲಿಲ್ಲವೆಂದು ತಮ್ಮವರಿಗೆ ಬರೆದು ತಿಳಿಸಿದರು.

ಆದಿಯಲ್ಲಿ ಎತ್ತಿದ ಪ್ರಶ್ನೆಗಳಿಗೆ ಉತ್ತರ ಇಷ್ಟರಲ್ಲಿದೆ. ಸಾಮ್ರಾಜ್ಯವು ಅಂಜಿದುದು ತನ್ನಿಂದ ಅಧಿಕಾರವನ್ನು ಬೇಡದೆಯೇ ನಡೆಯುತ್ತಿದ್ದ ಜನಜೀವನಕ್ಕೆ. ಅದು ಸೋತುದು ಆ ಜೀವನದ ಬೇರು ಒಬ್ಬ ಮನುಷ್ಯನ ಮೈಯಲ್ಲಿದೆಯೆಂದು ಭ್ರಮಿಸಿದುದರಿಂದ. ಬೇರು ಇದ್ದುದು ಹಾಡಿನಲ್ಲಿ, ಪಂಕ್ತಿಯಲ್ಲಿ, ನಾಲ್ಕು ಬಾಗಿಲಿನ ಗುಡಿಯಲ್ಲಿ. ಇಂಥ ಬಲಿದಾನಗಳನ್ನು ನೆನೆಯುವವರಿಗೆ ಎರಡು ದಾರಿಗಳಿವೆ: ಕೊಂದವರ ಕುಲವನ್ನು ಹುಡುಕುವುದೊಂದು, ಮಡಿದವರ ಉದ್ದೇಶವನ್ನು ಕಾಯುವುದೊಂದು. ಪರರ ಜನಿವಾರಕ್ಕಾಗಿ ಕೊರಳೊಪ್ಪಿಸಿದ ಗುರುಗಳ ಸ್ಮರಣೆಗೆ ಎರಡನೆಯ ದಾರಿಯೇ ತಕ್ಕುದು.